ಅಳಿಸಿದ ಹೆಸರು ಮಧ್ಯಾಹ್ನಕ್ಕೆ ಮರಳಿ ಬರುತ್ತಿದ್ದುದರ ಬಗ್ಗೆ

ಹೇಳಿಕೆ ಕೊಡುತ್ತಿರುವ ನನಗೆ ವಯಸ್ಸು ಐವತ್ತೇಳು. ಪುಸ್ತಕಾಲಯದ ಕೇಂದ್ರ ಕಚೇರಿಯಲ್ಲಿ ಪುಸ್ತಕಸೂಚಿ ಮತ್ತು ಇ-ಮೇಲ್ ವಿಭಾಗ ನೋಡಿಕೊಳ್ಳುತ್ತೇನೆ. ನನ್ನ ಹೆಸರನ್ನೂ ಮನೆಯ ವಿಳಾಸವನ್ನೂ ಬೇರೆ ಹಾಳೆಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ ಠಾಣಾಧಿಕಾರಿಯವರ ಕೈಗೇ ಕೊಟ್ಟಿದ್ದೇನೆ. ನನ್ನ ಹೆಸರು ಗೊತ್ತಾದರೆ ತಂಗಿಯ ಹೆಸರು ಗೊತ್ತಾಗುತ್ತದೆ. ಆದ್ದರಿಂದ ಈ ಹೇಳಿಕೆಯಲ್ಲಿ ಯಾರ ಹೆಸರನ್ನೂ ಬರೆಸಿಲ್ಲ.

ನಾನೇ ಕಂಡದ್ದು, ನಾನೇ ಮಾಡಿದ್ದು, ಬೇರೆಯವರಿಂದ ಕೇಳಿದ್ದಾದರೆ ಅವರನ್ನು ಕರೆತಂದು ನಿಲ್ಲಿಸಬಲ್ಲಂಥದ್ದು, ಇಷ್ಟನ್ನೇ ತಮ್ಮ ಮುಂದೆ ಬರೆಸುತ್ತಿರುವುದೇನೆಂದರೆ:

ನನಗೆ ಒಬ್ಬಳೇ ತಂಗಿ. ನನಗಿಂತ ಹದಿನಾರು ವರ್ಷ ಚಿಕ್ಕವಳು, ನಾನೇ ಎತ್ತಿ ಆಡಿಸಿ ಬೆಳೆಸಿದವಳು. ನಮ್ಮ ಪುಸ್ತಕಾಲಯದಲ್ಲೇ ಪುಸ್ತಕಗಳಿಗೆ ಬೈಂಡಿಂಗ್ ಮಾಡುವ ಕೆಲಸದಲ್ಲಿದ್ದಾಳೆ. ಅವಳ ಗಂಡ ಪುಸ್ತಕಾಲಯದ ವ್ಯಾನ್ ಓಡಿಸುತ್ತಾನೆ. ಶಾಖೆಯಿಂದ ಶಾಖೆಗೆ ಪುಸ್ತಕದ ಪೆಟ್ಟಿಗೆಗಳನ್ನು ಸಾಗಿಸುವುದು ಅವನ ಕೆಲಸ.

ಎರಡು ವರ್ಷದ ಹಿಂದೆ ಅವನು ತಂಗಿಯ ಬಲಗೈ ಮಣಿಕಟ್ಟು ಮುರಿದ. ಆಗ ಅವಳನ್ನು ಇದೇ ಠಾಣೆಗೆ ಕರೆತಂದು ಇದೇ ಬೆಂಚಿನ ಮೇಲೆ ಕೂರಿಸಿದ್ದೆ. ಕೈಯನ್ನು ಬಾಗಿಲ ಸಂದಿಯಲ್ಲಿಟ್ಟು ಬಾಗಿಲು ಮುಚ್ಚಿದ ಎಂದು ಅವಳು ಹೇಳಿದಳು. ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವ ಅಂದಿನ ಬರಹಗಾರರು, ಬಾಗಿಲಿಗೆ ಕೈ ಸಿಕ್ಕಿ ಪೆಟ್ಟಾಗಿದೆ ಎಂದು ಬರೆದುಕೊಂಡರು. ನಾನು ಅಲ್ಲೇ ತಕರಾರು ತೆಗೆದೆ. ಗಂಡ ಹೆಂಡಿರ ಮಧ್ಯೆ ಒಂದೊಂದು ಪದ ಹಿಡಿದು ಜಗ್ಗಬೇಡಿ ಅಮ್ಮ, ನಾಳೆ ಅವರೇ ಒಂದಾಗ್ತಾರೆ, ನೀವು ಕೆಟ್ಟವರಾಗ್ತೀರಿ ಎಂದು ಅವರು ಬುದ್ಧಿ ಹೇಳಿದರು. ಅವರಿಗೆ ಈಗ ಬಡ್ತಿಯಾಗಿದೆ ಎಂದು ಕೇಳಿದ್ದೇನೆ. ಒಳ್ಳೆಯದಾಗಲಿ. ನಾನು ಮಾತ್ರ ಮರೆತಿಲ್ಲ.

ಅಂದಿನಿಂದ ತಂಗಿ ನನ್ನ ಮನೆಯಲ್ಲಿದ್ದಳು. ಅವನು ನಮ್ಮ ಗೇಟಿನೆದುರು ವ್ಯಾನ್ ನಿಲ್ಲಿಸಿಕೊಂಡು ಕೂರಲು ಶುರುಮಾಡಿದ ಮೇಲೆ, ಎಂಟು ತಿಂಗಳ ಹಿಂದೆ, ಅವಳಿಗೆ ದೂರದ ಒಂದು ಶಾಖೆಗೆ ವರ್ಗ ಮಾಡಿಸಿದೆವು. ಶಾಖೆಯ ಹಿಂಬದಿಯ ಬೀದಿಯಲ್ಲೇ ಅವಳಿಗೊಂದು ಕೋಣೆ ಹಿಡಿದೆವು. ಇದು ಗೊತ್ತಿದ್ದುದು ನನಗೆ, ನಮ್ಮ ಮುಖ್ಯಸ್ಥರಿಗೆ, ಮತ್ತು ಆ ಶಾಖೆಯ ಉಸ್ತುವಾರಿಗೆ. ಉಸ್ತುವಾರಿಯವರು ಹಿಂದೆ ಶಾಲೆಯಲ್ಲಿದ್ದವರಾದ್ದರಿಂದ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಾರೆ. ಆ ಶಾಖೆಗೆ ಅವನ ವ್ಯಾನ್ ಹೋಗದಂತೆ, ಕಾರಣ ಹೇಳದೆ, ಮುಖ್ಯಸ್ಥರು ದಾರಿ ಬದಲಿಸಿದರು.

ಇಲ್ಲಿಂದ ಮುಂದೆ ಸ್ವಲ್ಪ ಯಂತ್ರದ ವಿಷಯ. ಇದನ್ನು ಬಿಟ್ಟುಬಿಡೋಣವೇ ಎಂದು ಬರಹಗಾರರು ಕೇಳಿದರು. ಬಿಡಬಾರದು, ಅವನಿಗೆ ದಾರಿ ತೋರಿಸಿದ್ದೇ ಇದು ಎಂದೆ.

ನಮ್ಮ ಇ-ಮೇಲ್ ವ್ಯವಸ್ಥೆ ಬಹಳ ಹಳೆಯದು. ಒಂದೊಂದು ಶಾಖೆಗೂ ಅದರದೇ ಮೇಲ್ ಕಂಪ್ಯೂಟರ್ ಇದೆ. ಅಲ್ಲಿನ ನೌಕರರ ಹೆಸರು, ಕೊಠಡಿ, ಫೋನ್ ನಂಬರ್ ಅದರಲ್ಲಿರುತ್ತದೆ. ದಿನಕ್ಕೊಂದು ಸಲ, ಮಧ್ಯಾಹ್ನ ಒಂದು ಗಂಟೆಗೆ, ಎಲ್ಲ ಶಾಖೆಗಳೂ ತಮ್ಮಲ್ಲಾದ ಬದಲಾವಣೆಗಳನ್ನು ಕೇಂದ್ರ ಕಚೇರಿಯ ಮುಖ್ಯ ಸರ್ವರಿಗೆ ಕಳಿಸುತ್ತವೆ. ಅದು ಎಲ್ಲವನ್ನೂ ಕೂಡಿಸಿ ಒಂದೇ ವಿಳಾಸಪಟ್ಟಿ ಮಾಡಿ, ಎರಡು ಗಂಟೆಯೊಳಗೆ ಎಲ್ಲರಿಗೂ ಹಂಚುತ್ತದೆ. ಇಂಥ ಸರ್ವರ್ ಒಂದೇ ಇರಬೇಕು. ಎರಡಾದರೆ, ಮಾತು ಬಿಟ್ಟ ಓರಗಿತ್ತಿಯರಿಬ್ಬರು ಒಂದೇ ಪಾತ್ರೆಗೆ ಉಪ್ಪು ಹಾಕಿದಂತಾಗುತ್ತದೆ. ಒಂದು ಅಳಿಸಿದ ಹೆಸರನ್ನು ಇನ್ನೊಂದು, ಅಯ್ಯೋ ಬಿಟ್ಟುಹೋಗಿದೆಯಲ್ಲ ಎಂದುಕೊಂಡು ಮತ್ತೆ ಸೇರಿಸುತ್ತದೆ. ಎರಡೂ ತಾನೇ ಸರಿ ಎಂದುಕೊಂಡಿರುತ್ತವೆ.

ತಂಗಿಗೆ ಕೆಲಸದ ಪತ್ರಗಳು ಬರಬೇಕಾದ್ದರಿಂದ ಅವಳ ಶಾಖೆಯ ಕಂಪ್ಯೂಟರಿನಲ್ಲಿ ಮಾತ್ರ ಅವಳ ಹೆಸರಿತ್ತು. ಅದು ಬೇರೆ ಶಾಖೆಗಳಿಗೆ ಹೋಗದಂತೆ ಮುಖ್ಯ ಸರ್ವರಿನಲ್ಲಿ ತಡೆ ಹಾಕಿದ್ದೆ. ಎಂಟು ತಿಂಗಳು ಆ ತಡೆ ನಿಂತಿತು.

ಕಳೆದ ಸೋಮವಾರ ಮಧ್ಯಾಹ್ನ ನಮ್ಮ ಕಚೇರಿಯಲ್ಲಿ ನಗೆಯೆದ್ದಿತು. ಮೂರು ವರ್ಷದ ಹಿಂದೆ ತೀರಿಕೊಂಡ ಕಾವಲುಗಾರನ ಹೆಸರು ವಿಳಾಸಪಟ್ಟಿಯಲ್ಲಿ ಬಂದಿತ್ತು. ಪಾಪ, ರಜೆ ಮುಗಿಸಿ ಬಂದಿದ್ದಾನೆ ಎಂದು ಒಬ್ಬರು, ಅಲ್ಲಿಯೂ ರಾತ್ರಿ ಪಾಳಿ ಹಾಕಿದರೇನೋ, ಅದಕ್ಕೇ ಓಡಿಬಂದ ಎಂದು ಇನ್ನೊಬ್ಬರು. ನಾನೂ ನಕ್ಕೆ. ನಗುತ್ತಲೇ ಪಟ್ಟಿಯನ್ನು ಕೆಳಕ್ಕೆ ಸರಿಸಿದೆ. ಎಷ್ಟೋ ಹೆಸರುಗಳು ಎರಡೆರಡು ಸಲ ಇದ್ದವು. ಇನ್ನೂ ಸರಿಸಿದೆ. ತಂಗಿಯ ಹೆಸರು ಇತ್ತು. ಹೆಸರಿನ ಮುಂದೆ ಶಾಖೆ, ಅದರ ಮುಂದೆ ಬೈಂಡಿಂಗ್ ಕೊಠಡಿ, ಅದರ ಮುಂದೆ ಫೋನ್ ನಂಬರ್.

ಈ ಪಟ್ಟಿ ಎಲ್ಲ ಶಾಖೆಗಳಿಗೂ ಹೋಗುತ್ತದೆ. ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿರುವ ವ್ಯಾನ್ ವಿಭಾಗಕ್ಕೂ ಹೋಗುತ್ತದೆ. ಅಲ್ಲಿನ ಮೇಲ್ ಲೈನ್ ಬಹಳ ದಿನ ಕೆಟ್ಟಿದ್ದು, ಹಿಂದಿನ ವಾರವಷ್ಟೇ ರಿಪೇರಿಯಾಗಿತ್ತು. ನಾನು ತಕ್ಷಣ ಹೆಸರು ಅಳಿಸಿ, ಪಟ್ಟಿಯನ್ನು ಮತ್ತೊಮ್ಮೆ ಹಂಚಿದೆ.

ಮಂಗಳವಾರ ಬೆಳಿಗ್ಗೆ ಹೆಸರಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಬಂತು. ಎಲ್ಲೋ ಎರಡನೆಯ ಸರ್ವರ್ ಇದೆ ಎಂದು ಆಗ ನನಗೆ ಖಚಿತವಾಯಿತು. ಮುಖ್ಯಸ್ಥರ ಕೋಣೆಗೆ ಹೋಗಿ ಹೇಳಿದೆ. ಎರಡಿದ್ದರೆ ಒಳ್ಳೆಯದೇ ಅಲ್ಲವೇ ಮೇಡಂ, ನಮ್ಮದು ಪುಸ್ತಕಾಲಯ, ಎರಡನೆಯ ಪ್ರತಿಯನ್ನು ನಾವು ಯಾವಾಗ ಬೇಡ ಎಂದಿದ್ದೇವೆ ಎಂದು ಅವರು ಕೇಳಿದರು. ಅವರು ತಮಾಷೆಗೆ ಹೇಳಲಿಲ್ಲ. ನಮ್ಮಲ್ಲಿ ಗೆದ್ದಲು ಹಿಡಿದ ಪುಸ್ತಕವನ್ನು ಬಿಸಾಡಲೂ ಮೂರು ಸಹಿ ಬೇಕು. ಪ್ರತಿ ಹೆಚ್ಚಿದಷ್ಟೂ ಕ್ಷೇಮ ಎಂಬುದು ನಮ್ಮೆಲ್ಲರ ರಕ್ತದಲ್ಲಿದೆ. ತಂಗಿಯ ಹೆಸರು ತೋರಿಸಿದ ಮೇಲೆ ಅವರು ಕನ್ನಡಕ ತೆಗೆದಿಟ್ಟು, ಏನು ಬೇಕೋ ಮಾಡಿ, ಯಾರನ್ನು ಬೇಕೋ ಕೇಳಿ ಎಂದರು.

ಅಂದೇ ಮೇಷ್ಟ್ರಿಗೆ ಫೋನ್ ಮಾಡಿ, ಶಾಖೆಯ ಕಂಪ್ಯೂಟರಿನಿಂದಲೇ ಅವಳ ಹೆಸರು ತೆಗೆಸಿದೆ. ಬುಧವಾರ ಮಧ್ಯಾಹ್ನ ಅದು ಅಲ್ಲಿಗೂ ಮರಳಿ ಬಂತು. ಎರಡನೆಯ ಸರ್ವರ್ ತನ್ನ ಬಳಿಯಿದ್ದ ಪ್ರತಿಯಿಂದ ಅವಳ ಶಾಖೆಗೇ ಅವಳ ಹೆಸರನ್ನು ಕಳಿಸಿಕೊಟ್ಟಿತ್ತು.

ಬುಧವಾರ ಮೂರು ಗಂಟೆಗೆ ತಂಗಿ ಫೋನ್ ಮಾಡಿದಳು. ಅಕ್ಕಾ, ಮೇಲ್ ಬಂದಿದೆ ಎಂದಳು. ಯಾರದು ಎಂದೆ. ಊಟ ಆಯ್ತಾ ಅಂತ ಕೇಳಿದ್ದಾನೆ ಎಂದಳು. ಬೇರೆ ಏನಿದೆ ಎಂದೆ. ಬೇರೆ ಏನೂ ಇಲ್ಲ ಎಂದಳು.

ಇದನ್ನು ವಿವರಿಸಬೇಕು. ಜೊತೆಯಲ್ಲಿದ್ದಷ್ಟು ಕಾಲ ಅವನು ಹೊಡೆಯುವ ಮೊದಲು ಕೂಗಾಡುತ್ತಿರಲಿಲ್ಲ. ಕೈ ತೊಳೆದು ಒರೆಸಿಕೊಂಡು, ಕುರ್ಚಿ ಎಳೆದು ಕೂತು, ಊಟ ಆಯ್ತಾ ಎಂದು ಕೇಳುತ್ತಿದ್ದ. ಆಯ್ತು ಎಂದರೆ ನನ್ನನ್ನು ಬಿಟ್ಟು ಹೇಗೆ ಉಂಡೆ ಎನ್ನುತ್ತಿದ್ದ. ಇಲ್ಲ ಎಂದರೆ ಯಾರಿಗೆ ಕಾಯ್ತಿದ್ದೀಯ ಎನ್ನುತ್ತಿದ್ದ. ಅವಳಿಗೆ ಇವತ್ತಿಗೂ ಯಾರಾದರೂ ಊಟ ಆಯ್ತಾ ಎಂದರೆ ತುತ್ತು ಇಳಿಯುವುದಿಲ್ಲ.

ಕೂಡಲೇ ಅಲ್ಲಿಂದ ಹೊರಡು ಎಂದೆ. ಎಷ್ಟು ಸಲ ಓಡ್ಲಿ ಅಕ್ಕಾ, ಈ ಸಲ ಹೆಸ್ರನ್ನ ಓಡಿಸು, ನಾನಿಲ್ಲೇ ಇರ್ತೀನಿ ಎಂದಳು. ಎರಡು ದಿನ ಕೊಡು, ಹುಡುಕಿ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟೆ.

ಅಂದು ಸಂಜೆ ಈ ಠಾಣೆಗೆ ಫೋನ್ ಮಾಡಿದೆ. ಫೋನ್ ಎತ್ತಿದವರು ಪೂರ್ತಿ ಕೇಳಿಸಿಕೊಂಡರು. ಊಟ ಆಯ್ತಾ ಅಂತ ಕೇಳೋದು ಅಪರಾಧ ಆದ್ರೆ ಅರ್ಧ ಊರನ್ನ ಒಳಗೆ ಹಾಕ್ಬೇಕಾಗುತ್ತೆ ಅಮ್ಮ ಎಂದರು. ಹಿಂದೆ ಯಾರೋ ನಕ್ಕಿದ್ದು ಕೇಳಿಸಿತು. ನಕ್ಕವರು ಯಾರೆಂದು ಪತ್ತೆಮಾಡಿ ಎಂದು ನಾನು ಕೋರುವುದಿಲ್ಲ. ಈ ಮಾತು ಬರಹದಲ್ಲಿರಲಿ ಎಂದಷ್ಟೇ ಕೋರುತ್ತೇನೆ.

ಗುರುವಾರ ನಾನು ಮಾಡಿದ ಪರೀಕ್ಷೆ ಹೀಗಿದೆ. ಪ್ರತಿ ಪಟ್ಟಿಗೂ ಕ್ರಮಸಂಖ್ಯೆ ಇರುತ್ತದೆ. ದಿನವೂ ಎರಡು ಪಟ್ಟಿಗಳು ಬರುತ್ತಿದ್ದವು, ಎರಡಕ್ಕೂ ಬೇರೆ ಬೇರೆ ಸಂಖ್ಯೆ, ಆದರೆ ಕಳಿಸಿದವರ ಹೆಸರು ಒಂದೇ, ನನ್ನ ಮುಖ್ಯ ಸರ್ವರಿನ ಹೆಸರು. ಅಂದರೆ ಎರಡನೆಯದು ನನ್ನದರ ತದ್ರೂಪು. ಆದ್ದರಿಂದ ಶಾಖೆಗಳು ತಮ್ಮ ಹೆಸರುಗಳನ್ನು ಅದಕ್ಕೂ ಕಳಿಸುತ್ತಿದ್ದವು, ನಾನು ಹಾಕಿದ್ದ ತಡೆ ಅದರಲ್ಲಿರಲಿಲ್ಲ. ಒಂದು ಗಂಟೆಗೆ ಸ್ವಲ್ಪ ಮುಂಚೆ ಎಲ್ಲ ಶಾಖೆಯವರಿಗೂ ಫೋನ್ ಮಾಡಿ, ಮೇಲ್ ಕಂಪ್ಯೂಟರಿನ ಲೈನ್ ಕಿತ್ತಿಡಿ, ಎರಡೂವರೆಗೆ ಹಾಕಿ ಎಂದೆ. ಎಲ್ಲರೂ ಕಿತ್ತರು. ಈಗ ಜೋಡಣೆಯಲ್ಲಿ ನಾನೊಬ್ಬಳೇ ಉಳಿದೆ ಎಂದುಕೊಂಡಿದ್ದೆ. ಕುರ್ಚಿಯಲ್ಲಿ ಕೂತು ಪರದೆ ನೋಡುತ್ತಿದ್ದೆ. ಎರಡಕ್ಕೆ ಹತ್ತು ನಿಮಿಷವಿರುವಾಗ ಎರಡನೆಯ ಪಟ್ಟಿ ಬಂತು. ಖಾಲಿ ಮನೆಯೊಳಗಿಂದ ಯಾರೋ ಕೆಮ್ಮಿದಂತಾಯಿತು.

ಹಾಗಾದರೆ ಅದು ಯಾವ ಶಾಖೆಯಲ್ಲೂ ಇಲ್ಲ. ಎಲ್ಲಿದೆ ಎಂದು ಅಲ್ಲೇ ಕೂತು ಹಿಂದಿನದನ್ನೆಲ್ಲ ನೆನೆಯತೊಡಗಿದೆ. ಹನ್ನೊಂದು ವರ್ಷದ ಹಿಂದೆ ನಾವು ಹಳೆಯ ಕಟ್ಟಡ ಬಿಟ್ಟು ಬಂದಾಗ, ನನಗಿಂತ ಮೊದಲಿದ್ದ ಮೇಲ್ವಿಚಾರಕರು ಸಾಮಾನು ಸಾಗಿಸುವ ವಾರಕ್ಕೆಂದು ಸರ್ವರಿನ ಒಂದು ನಕಲು ಮಾಡಿದ್ದರು. ಆಮೇಲೆ ಅದನ್ನು ಆರಿಸಿದೆ ಎಂದಿದ್ದರು. ಬಿಸಾಡಿದೆ ಎಂದಿರಲಿಲ್ಲ. ಹಳೆಯ ಕಟ್ಟಡದಲ್ಲಿ ಈಗ ಉಳಿದಿರುವುದು ವ್ಯಾನ್ ವಿಭಾಗ ಒಂದೇ.

ಶುಕ್ರವಾರ, ಅಂದರೆ ನಿನ್ನೆ ಬೆಳಿಗ್ಗೆ, ಆ ಲೈನ್ ರಿಪೇರಿ ಮಾಡಿದವನಿಗೆ ಫೋನ್ ಮಾಡಿದೆ. ಅಲ್ಲಿ ಉಗ್ರಾಣದಲ್ಲಿ ಒಂದು ಹಳೆಯ ಕಂಪ್ಯೂಟರ್ ಕಂಡಿತೇ ಎಂದು ಕೇಳಿದೆ. ಕಂಡಿತು ಮೇಡಂ, ಅದರ ಮೇಲೆ ದಯವಿಟ್ಟು ಆರಿಸಬೇಡಿ ಅಂತ ಚೀಟಿ ಅಂಟಿಸಿತ್ತು, ಆದರೆ ಆರಿಹೋಗಿತ್ತು, ಯಾರೋ ತಪ್ಪಿ ಆರಿಸಿರ್ಬೇಕು ಅಂತ ವೈರು ಜೋಡಿಸಿ ಹಾಕಿ ಬಂದೆ, ಯಾಕೆ, ಓಡ್ತಾ ಇಲ್ವಾ ಎಂದು ಕೇಳಿದ. ಓಡ್ತಾ ಇದೆ ಎಂದೆ.

ಮುಖ್ಯಸ್ಥರಿಗೆ ತಿಳಿಸಿ, ವ್ಯಾನುಗಳು ಹೊರಗೆ ಹೋಗಿರುವ ಹೊತ್ತು ನೋಡಿಕೊಂಡು, ಹನ್ನೆರಡೂವರೆಗೆ ಹಳೆಯ ಕಟ್ಟಡಕ್ಕೆ ಹೋದೆ. ನೆಲಮಾಳಿಗೆಯಲ್ಲಿ ಒಂದು ವ್ಯಾನ್ ನಿಂತಿತ್ತು. ಉಗ್ರಾಣದ ಬಾಗಿಲ ಪಕ್ಕದ ಬೆಂಚಿನ ಮೇಲೆ ತಂಗಿಯ ಗಂಡ ಕೂತು ಕೈ ಒರೆಸಿಕೊಳ್ಳುತ್ತಿದ್ದ. ಬೇರೆ ಯಾರೂ ಇರಲಿಲ್ಲ. ವಾಪಸು ಹೋಗಬಹುದಿತ್ತು. ಹೋದರೆ ಒಂದು ಗಂಟೆಗೆ ಮತ್ತೆ ಪಟ್ಟಿ ಹೊರಡುತ್ತಿತ್ತು.

ಅವನು ಎದ್ದು ನಿಂತ. ಬನ್ನಿ ಅಕ್ಕಾ, ಎಷ್ಟು ದಿನ ಆಯ್ತು ನಿಮ್ಮನ್ನ ನೋಡಿ, ಸೊರಗಿದ್ದೀರಲ್ಲ ಎಂದ. ಒಂದು ಯಂತ್ರ ನೋಡಬೇಕು ಎಂದೆ. ಒಳಗೆ ಕತ್ತಲು, ಎಡವೀರಿ ಎಂದು ಟಾರ್ಚ್ ತಂದ. ನಾನು ಬೇಡ ಎಂದರೂ ನನ್ನ ಹಿಂದೆಯೇ ಒಳಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಮುರಿದ ಕುರ್ಚಿಗಳ ನಡುವೆ, ಮೇಜಿನ ಕೆಳಗೆ ಆ ಕಂಪ್ಯೂಟರ್ ಇತ್ತು. ಹಸಿರು ದೀಪ ಉರಿಯುತ್ತಿತ್ತು. ಮೇಲೆ ಚೀಟಿ ಇತ್ತು, ಹಳೆಯ ಮೇಲ್ವಿಚಾರಕರದೇ ದುಂಡಗಿನ ಅಕ್ಷರ.

ನಾನು ಬಗ್ಗಿ ವೈರು ಹುಡುಕುತ್ತಿದ್ದಾಗ ಅವನು ಮಾತಾಡಿದ. ಅವಳು ಹೇಗಿದ್ದಾಳೆ ಅಂತ ನಾನು ಕೇಳಲ್ಲ ಅಕ್ಕಾ, ದಿನಾ ಗೊತ್ತಾಗ್ತಾ ಇದೆ ಎಂದ. ಏನು ಗೊತ್ತಾಗ್ತಾ ಇದೆ ಎಂದೆ. ಬೆಳಿಗ್ಗೆ ಸಿಟ್ಟು ಬಂದು ಹೆಸರು ತೆಗೀತಾಳೆ, ಮಧ್ಯಾಹ್ನ ಊಟದ ಹೊತ್ತಿಗೆ ಮನಸ್ಸು ತಡೀದೆ ಮತ್ತೆ ಹಾಕ್ತಾಳೆ, ನಾನು ನೋಡ್ಲಿ ಅಂತ ತಾನೇ ಎಂದ. ಅವನು ನಗುತ್ತಿರಲಿಲ್ಲ. ಕಣ್ಣು ಒದ್ದೆಯಾಗಿತ್ತು. ಅವನು ಬೈದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಹಾಕುತ್ತಿರುವುದು ಅವಳಲ್ಲ, ಈ ಯಂತ್ರ, ಅಳಿಸುತ್ತಿದ್ದವಳು ನಾನು ಎಂದು ಸ್ಪಷ್ಟವಾಗಿ ಹೇಳಿದೆ. ಯಂತ್ರಕ್ಕೇನು ಅಕ್ಕಾ ಅವಳ ಮೇಲೆ ಅಷ್ಟೊಂದು ಆಸೆ ಎಂದ. ನಾನು ವೈರು ಕಿತ್ತೆ. ಹಸಿರು ದೀಪ ಆರಿತು. ಆಗ ಒಂದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಅವನು ಟಾರ್ಚನ್ನು ನನ್ನ ಮುಖಕ್ಕೆ ತಿರುಗಿಸಿ, ಕೀಳಿ ಅಕ್ಕಾ, ನನಗೆ ಬಾಯಿಪಾಠ ಆಗಿದೆ ಎಂದ. ಶಾಖೆಯ ಹೆಸರು, ಕೊಠಡಿ, ಫೋನ್ ನಂಬರ್, ಎಲ್ಲವನ್ನೂ ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದ. ಆಮೇಲೆ ಬಾಗಿಲು ಬಿಟ್ಟು ಹೋಗಿ ವ್ಯಾನ್ ಹತ್ತಿದ.

ಅಲ್ಲಿದ್ದ ಫೋನಿನಿಂದಲೇ ಶಾಖೆಗೆ ಫೋನ್ ಮಾಡಿದೆ. ಶುಕ್ರವಾರ ಮಧ್ಯಾಹ್ನ ಅಲ್ಲಿ ಮಕ್ಕಳಿಗೆ ಕಥೆ ಹೇಳುತ್ತಾರೆ. ಆಗ ಫೋನಿನ ಗಂಟೆ ನಿಲ್ಲಿಸಿರುತ್ತಾರೆ, ಮೇಜಿನ ಮೇಲೆ ಒಂದು ಕೆಂಪು ದೀಪ ಮಿನುಗುತ್ತದೆ, ಅಷ್ಟೇ. ಇಟ್ಟು ಇಟ್ಟು ಮತ್ತೆ ಮಾಡಿದೆ. ಹಳೆಯ ಕಟ್ಟಡದಿಂದ ಆ ಶಾಖೆಗೆ ಒಂಬತ್ತು ಕಿಲೋಮೀಟರ್. ಕೊನೆಗೆ ಫೋನ್ ಎತ್ತಿದವಳು ತಂಗಿಯೇ. ನಾನು ಬಾಯಿ ತೆರೆಯುವ ಮೊದಲೇ, ಅಕ್ಕಾ, ವ್ಯಾನ್ ಬಂದಿದೆ ಎಂದು ಪಿಸುಗುಟ್ಟಿದಳು. ಅವನ ವ್ಯಾನಿನ ಬಾಗಿಲು ಎರಡು ಸಲ ಬಡಿಯದೆ ಮುಚ್ಚುವುದಿಲ್ಲ. ಆ ಸದ್ದು ಅವಳಿಗೆ ಗೊತ್ತು. ಹಿಂದಿನ ಬಾಗಿಲಿಂದ ಹೋಗು, ಚೀಲ ಬಿಡು, ಏನೂ ತಗೋಬೇಡ ಎಂದೆ. ಫೋನ್ ಇಡದೆ ಹೋದಳು. ಮಕ್ಕಳು ನಗುವ ಸದ್ದು ನನಗೆ ಕೇಳಿಸುತ್ತಲೇ ಇತ್ತು.

ಮುಂದಿನದು ಮೇಷ್ಟ್ರು ನನಗೆ ಹೇಳಿದ್ದು. ಅವನು ಒಳಬಂದು ಹೆಂಡತಿಯ ಹೆಸರು ಹೇಳಿ ಕೇಳಿದ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದರು. ಪಟ್ಟಿಯಲ್ಲಿದೆಯಲ್ಲ ಮೇಷ್ಟ್ರೇ ಎಂದ. ಪಟ್ಟಿಯಲ್ಲಿ ಸತ್ತ ಕಾವಲುಗಾರನ ಹೆಸರೂ ಇದೆ ಕಣಯ್ಯಾ, ಅವನನ್ನೂ ಕರೆಸಲೇನು ಎಂದು ಮೇಷ್ಟ್ರು ಕೇಳಿದರು. ಎಪ್ಪತ್ತು ಸಮೀಪಿಸಿದ ಅವರು ಹಾಗೆ ಮಾತಿಗೆ ಮಾತು ಬೆಳೆಸಿ ಅವನನ್ನು ಅಲ್ಲೇ ತಡೆದುನಿಲ್ಲಿಸಿದರು. ಆ ಹೊತ್ತಿನಲ್ಲಿ ತಂಗಿ ಹಿಂದಿನ ಬೀದಿಗೆ ದಾಟಿದ್ದಳು. ಅವನು ಅವರನ್ನು ಪಕ್ಕಕ್ಕೆ ಸರಿಸಿ, ಊಟ ಆಯ್ತಾ ಅಂತ ನೋಡ್ಕೊಂಡು ಹೋಗ್ತೀನಿ ಎಂದು ಬೈಂಡಿಂಗ್ ಕೊಠಡಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡ. ಕಾಲು ಗಂಟೆಯ ನಂತರ ಹೊರಬಂದು, ಮಕ್ಕಳಿಗೆ ಕೈಬೀಸಿ ಹೋದ.

ನಾನು ಬಾಡಿಗೆ ಕಾರಿನಲ್ಲಿ ತಲುಪಿದಾಗ ವ್ಯಾನ್ ಇರಲಿಲ್ಲ. ಕೊಠಡಿಯಲ್ಲಿ ಅವಳ ಸ್ಟೂಲು, ಅಂಟಿನ ಡಬ್ಬ, ದಾರ, ಎಲ್ಲವೂ ಇದ್ದಲ್ಲೇ ಇದ್ದವು. ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸಿನ ಹಿಡಿಯನ್ನು ಕೊನೆಯವರೆಗೆ ತಿರುಗಿಸಲಾಗಿತ್ತು. ನಾನು ಮತ್ತು ಮೇಷ್ಟ್ರು ಇಬ್ಬರೂ ಸೇರಿದರೂ ಅದು ಸಡಿಲವಾಗಲಿಲ್ಲ. ಸುತ್ತಿಗೆ ತಂದು ಬಿಡಿಸಿದೆವು. ಒಳಗೆ ಅವಳ ಊಟದ ಡಬ್ಬಿಯನ್ನು ಅವನು ಇಟ್ಟು ಒತ್ತಿದ್ದ. ಅವಳು ಇನ್ನೂ ಊಟ ಮಾಡಿರಲಿಲ್ಲ. ಡಬ್ಬಿ ಬೆರಳಿನಷ್ಟು ದಪ್ಪವೂ ಉಳಿದಿರಲಿಲ್ಲ, ಅನ್ನ ಪ್ರೆಸ್ಸಿನ ಅಂಚಿನಿಂದ ನೆಲದವರೆಗೆ ಇಳಿದಿತ್ತು.

ನಿನ್ನೆ ಸಂಜೆ ಡಬ್ಬಿಯನ್ನು ಠಾಣೆಗೆ ತಂದು ತೋರಿಸಿದೆ. ಒಂದು ಡಬ್ಬಿ ಅಪ್ಪಚ್ಚಿ ಆಗಿದ್ದಕ್ಕೆ ಏನಂತ ಕೇಸು ಹಾಕೋದು, ಹೊಸದು ಕೊಡಿಸ್ತಾನೆ ಬಿಡಿ ಎಂದು ಒಬ್ಬರು ಹೇಳಿದರು. ಠಾಣಾಧಿಕಾರಿಯವರು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿ, ನಾಳೆ ಬನ್ನಿ, ಪೂರ್ತಿ ಬರೆಸಿ ಎಂದರು. ಅದಕ್ಕಾಗಿ ಇಂದು ಬಂದಿದ್ದೇನೆ. ಡಬ್ಬಿ ಅವರ ವಶದಲ್ಲಿದೆ.

ತಂಗಿ ಈಗ ಎಲ್ಲಿದ್ದಾಳೆ ಎಂದು ಬರಹಗಾರರು ಕೇಳಿದರು. ನನಗೆ ಗೊತ್ತಿಲ್ಲ. ನಿನ್ನೆ ರಾತ್ರಿ ಮೇಷ್ಟ್ರ ಮನೆಯವರು ಅವಳನ್ನು ಕರೆದುಕೊಂಡು ಹೋದರು. ಎಲ್ಲಿಗೆಂದು ನನಗೂ ಹೇಳಬೇಡಿ ಎಂದು ನಾನೇ ಹೇಳಿದ್ದೆ. ಈ ಹೇಳಿಕೆಯ ಪ್ರತಿಗಳು ಎಲ್ಲೆಲ್ಲಿಗೆ ಹೋಗುತ್ತವೆ ಎಂದು ನಾನು ಕೇಳಿದೆ. ನಮ್ಮ ಕಂಪ್ಯೂಟರಿಗೆ ಹಾಕಿದರೆ ಎಲ್ಲ ಠಾಣೆಗಳಿಗೂ ತಾನಾಗೇ ಹೋಗುತ್ತೆ ಅಮ್ಮ ಎಂದು ಬರಹಗಾರರು ಹೆಮ್ಮೆಯಿಂದಲೇ ಹೇಳಿದರು. ಆಮೇಲೆ ನನ್ನ ಮುಖ ನೋಡಿ ಪೆನ್ನು ಕೆಳಗಿಟ್ಟರು.

ಎರಡನೆಯ ಸರ್ವರನ್ನು ಬಿಚ್ಚಿಸಿ ಬೀಗ ಹಾಕಿಸಿದ್ದೇನೆ. ವಿಳಾಸಪಟ್ಟಿಯಲ್ಲಿ ಈಗ ತಂಗಿಯ ಹೆಸರಿಲ್ಲ, ಕಾವಲುಗಾರನದೂ ಇಲ್ಲ. ನನ್ನ ಹೆಸರಿದೆ.

ಇಂದು ಬೆಳಿಗ್ಗೆ ಒಂಬತ್ತೂವರೆಗೆ, ಇಲ್ಲಿಗೆ ಹೊರಡುವ ಮುಂಚೆ, ನನ್ನ ಕಂಪ್ಯೂಟರಿಗೆ ಒಂದು ಮೇಲ್ ಬಂತು. ಅಕ್ಕಾ, ನಿಮ್ಮದು ಊಟ ಆಯ್ತಾ ಎಂದಿದೆ. ಅವನು ನಿನ್ನೆಯಿಂದ ಕೆಲಸಕ್ಕೆ ಮರಳಿಲ್ಲ, ವ್ಯಾನ್ ಕೂಡ ಬಂದಿಲ್ಲ ಎಂದು ಮುಖ್ಯಸ್ಥರು ಹೇಳಿದ್ದಾರೆ. ಮೇಲ್ ಎಲ್ಲಿಂದ ಕಳಿಸಿದನೋ ಗೊತ್ತಿಲ್ಲ. ನಿಮ್ಮ ಹೆಸರನ್ನೂ ಅಳಿಸಿಬಿಡಿ ಎಂದು ಅವರು ಒತ್ತಾಯಿಸಿದರು. ಬೇಡ ಎಂದೆ. ಅವನು ಹುಡುಕುವುದಾದರೆ ಅವನಿಗೆ ಸಿಗುವ ಹೆಸರು ನನ್ನದಾಗಲಿ. ಮೇಲಿನ ಲಕೋಟೆಯಲ್ಲಿರುವ ವಿಳಾಸದಲ್ಲೇ ನಾನಿರುತ್ತೇನೆ, ಎಲ್ಲಿಗೂ ಹೋಗುವುದಿಲ್ಲ. ಅವನಿಗಿಂತ ಮೊದಲು ತಾವು ಬರಬೇಕೆಂದು ಕೋರಿಕೆ.

ಬರೆದಾದ ಮೇಲೆ ಹಾಳೆಗಳನ್ನು ನನ್ನ ಕೈಗೇ ತೆಗೆದುಕೊಂಡು ಮೊದಲಿಂದ ಕೊನೆಯವರೆಗೆ ಓದಿದೆ. ಡಬ್ಬಿ ಪ್ರೆಸ್ಸಿಗೆ ಸಿಕ್ಕಿತ್ತು ಎಂದು ಬರೆದಿದ್ದನ್ನು ಹೊಡೆದುಹಾಕಿಸಿ, ಅವನು ಇಟ್ಟು ಒತ್ತಿದ್ದ ಎಂದು ತಿದ್ದಿಸಿದ್ದೇನೆ. ಉಳಿದದ್ದು ನಾನು ಹೇಳಿದಂತೆಯೇ ಇದೆ, ಹೇಳಿದ್ದು ನಡೆದಂತೆಯೇ ಇದೆ.

ಸ್ಥಳ: ಠಾಣೆಯ ಬರಹಗಾರರ ಕೋಣೆ
ದಿನ: ಶನಿವಾರ, ಮಧ್ಯಾಹ್ನ ಒಂದು ಗಂಟೆ
ಸಹಿ: (ಲಕೋಟೆಯೊಳಗಿನ ಹಾಳೆಯಲ್ಲಿ ಮಾಡಿರುತ್ತೇನೆ)